ಬೀದರ ಸೀಮೆಯ ಪೇಟಿವಾದನ

ಬೀದರ ನಗರ, ಭಾಲ್ಕಿ ಮತ್ತು ಔರಾದ ಭಾಗದಲ್ಲಿ ಭಜನೆ, ವಚನಗಾಯನ, ಅಭಂಗ, ಕವ್ವಾಲಿಗಳಿಗೆ ಸಾಥಿ ನೀಡುವ ಹಾರ್ಮೋನಿಯಂ ವಾದನ. ವಾದ್ಯಕ್ಕೆ ಇಲ್ಲಿ ಪೇಟಿ ಎಂದೇ ಹೆಸರು. ನುರಿತ ವಾದಕನ ಕಸುಬು ಗೊತ್ತಾಗುವುದು ತನಿವಾದನದಲ್ಲಲ್ಲ, ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಹೊರಳುವ ಚುರುಕಿನಲ್ಲಿ.

ಹಾರ್ಮೋನಿಯಂಗೆ 1840ರಲ್ಲಿ ಪೇಟೆಂಟ್ ಪಡೆದವನು ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೇನ್. ಕಾಲಲ್ಲಿ ತುಳಿಯುತ್ತಿದ್ದ ಆ ವಾದ್ಯ 19ನೆಯ ಶತಮಾನದ ಉತ್ತರಾರ್ಧದಲ್ಲಿ ಕಲಕತ್ತೆಯ ದ್ವಾರಕಾನಾಥ ಘೋಷರ ಕೈಯಲ್ಲಿ ನೆಲಕ್ಕಿಳಿದು ಕೈತಿದಿಯ ಪೇಟಿಯಾಯಿತು. ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಊರ ಭಜನೆಗಳು ಆ ಅಪ್ಪಣೆಗೆ ಕಾಯಲಿಲ್ಲ.

1956ರವರೆಗೆ ಬೀದರ ಜಿಲ್ಲೆಯಲ್ಲಿ ಮರಾಠಿಯ ಉದಗೀರ, ನಿಲಂಗಾಗಳೂ ತೆಲುಗಿನ ಜಹೀರಾಬಾದೂ ಸೇರಿದ್ದವು. ಕನ್ನಡ, ಮರಾಠಿ, ದಖ್ಖನಿ ಉರ್ದು ಒಂದೇ ಓಣಿಯಲ್ಲಿ ಕೇಳುವ ಈ ಸೀಮೆಯಲ್ಲಿ ಒಂದೇ ಬಗೆ ಕಲಿತ ವಾದಕನಿಗೆ ಕರೆ ಕಡಿಮೆ. ಮಹಾರಾಷ್ಟ್ರದ ಗಡಿಗೆ ಹತ್ತಿದ ಔರಾದ ಕಡೆಯ ಅಭಂಗದಲ್ಲಿ ಲಯ ನಿಧಾನವಾಗಿ ಆರಂಭವಾಗಿ ಕೊನೆಗೆ ಓಟ ಹಿಡಿಯುತ್ತದೆ. ಪೇಟಿ ಹಾಡುಗಾರನ ಹಿಂದೆ ಬೀಳುವಂತಿಲ್ಲ. ಭಾಲ್ಕಿ ಹಿರೇಮಠದಂಥ ಶರಣ ಪರಂಪರೆಯ ನೆಲೆಗಳಲ್ಲಿ ಹಾಡುವ ವಚನದ ದಾರಿಯೇ ಬೇರೆ. ವಚನಕ್ಕೆ ಕಟ್ಟಿದ ಛಂದಸ್ಸಿಲ್ಲ. ಮಾತು ಮುಗಿಯುವತನಕ ಷಡ್ಜ, ಪಂಚಮ ಹಿಡಿದು ಕಾಯಬೇಕು, ಆಮೇಲೆ ಸ್ವಲ್ಪವೇ ತುಂಬಬೇಕು. ಕವ್ವಾಲಿಯಲ್ಲಿ ಸಾಲಿಗೂ ಸಾಲಿಗೂ ನಡುವೆ ಬೆರಳು ಓಡಲೇಬೇಕು. ಬೀದರದ ಗುರುನಾನಕ್ ಝೀರಾ ಗುರುದ್ವಾರದ ಶಬದ ಕೀರ್ತನೆಯಲ್ಲಿ ರಾಗಿಗಳೆಂಬ ಸಿಖ್ ಗಾಯಕರು ತಾವೇ ಹಾಡುತ್ತ ತಾವೇ ನುಡಿಸುತ್ತಾರೆ.

ನಿಜವಾದ ಪರೀಕ್ಷೆ ಸ್ವರ ಬದಲಾದಾಗ. ಕಾಳಿ ಒಂದರಲ್ಲಿ, ಅಂದರೆ ಮೊದಲ ಕಪ್ಪು ಮನೆಯನ್ನು ಷಡ್ಜವಾಗಿಟ್ಟು ಹಾಡಿದವರು ಎದ್ದು, ಕಾಳಿ ನಾಲ್ಕರ ಹೆಣ್ಣುಮಗಳು ಕೂತರೆ ಸಪ್ತಸ್ವರಗಳ ಮನೆಗಳೆಲ್ಲ ಪಲ್ಲಟವಾಗುತ್ತವೆ. ಸ್ಕೇಲ್ ಚೇಂಜರ್ ಇದ್ದರೆ ಮನೆಗಳ ಸಾಲನ್ನೇ ಸರಿಸಬಹುದು. ಹಳೆಯ ಪೇಟಿಯಲ್ಲಿ ಬೆರಳೇ ಹೊಸ ದಾರಿ ಹುಡುಕಬೇಕು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಮಾತ್ರ ಯಾವ ಪೇಟಿಯಲ್ಲೂ ಬಾರದು. ಪಕ್ಕದ ಸ್ವರಗಳನ್ನು ತಟ್ಟನೆ ಮುಟ್ಟಿ ಅದರ ಭ್ರಮೆ ಹುಟ್ಟಿಸುತ್ತಾರೆ.

ಈ ಹೊರಳುವಿಕೆಗೆ ದೂರದ ಒಂದು ಹೋಲಿಕೆಯಿದೆ: 1970ರ ದಶಕದ ಇಂಗ್ಲಿಷ್ ಪ್ರೋಗ್ರೆಸಿವ್ ರಾಕ್‌ನಲ್ಲಿ ಕೀತ್ ಎಮರ್ಸನ್, ರಿಕ್ ವೇಕ್‌ಮನ್ ಮೊದಲಾದವರು ಹ್ಯಾಮಂಡ್ ಆರ್ಗನ್, ಮೂಗ್ ಸಿಂಥಸೈಜರ್, ಪಿಯಾನೊಗಳ ನಡುವೆ ನಿಂತು ನುಡಿಸಿದರು. ಬಗೆಬಗೆಯ ನಾದಕ್ಕೆ ಅವರು ವಾದ್ಯ ಬದಲಿಸಿದರು; ಪೇಟಿವಾದಕ ಒಂದೇ ವಾದ್ಯದಲ್ಲಿ ಕೈ ಬದಲಿಸುತ್ತಾನೆ. ಎರಡನೆಯದೇ ಕಷ್ಟವೆಂದು ತೋರುತ್ತದೆ.

ಈಚಿನ ದಶಕಗಳಲ್ಲಿ ಮದುವೆಯ ಆರ್ಕೆಸ್ಟ್ರಾಗಳಿಗೂ ಬೀದರದ ಮೆಥಡಿಸ್ಟ್ ಚರ್ಚುಗಳಿಗೂ ಎಲೆಕ್ಟ್ರಾನಿಕ್ ಕೀಬೋರ್ಡ್ ಬಂದಿದೆ. ಗುಂಡಿ ಒತ್ತಿದರೆ ಸ್ವರ ಬದಲು. ತಿದಿಯ ಕೆಲಸ ತಪ್ಪಿದ ಎಡಗೈ ಕಾರ್ಡ್ ಹಿಡಿಯುತ್ತದೆ. ಚರ್ಚಿನ ಹಾಡಿಗೆ ಕಾರ್ಡ್ ಬೇಕೇ ಬೇಕು, ಅಭಂಗಕ್ಕೆ ಬೇಡ.