ದೌಲತಾಬಾದಿನಲ್ಲಿ ಉಳಿದುಕೊಂಡವರು

ಮಧ್ಯಯುಗದ ಇತಿಹಾಸ ಪಾಠದಲ್ಲಿ ಮುಹಮ್ಮದ್ ಬಿನ್ ತುಘಲಕ್ ಬಂದರೆ ಮಕ್ಕಳಿಗೆ ಖುಷಿಯೋ ಖುಷಿ. ರಾಜಧಾನಿ ಬದಲಿಸಿದ, ತಾಮ್ರ ಹಿತ್ತಾಳೆಯ ನಾಣ್ಯ ಹೊರಡಿಸಿದ, ಎರಡೂ ಕೆಟ್ಟವು, ಜನರನ್ನು ಮತ್ತೆ ದೆಹಲಿಗೆ ಕಳಿಸಿದ. ನಗುತ್ತ ನಗುತ್ತ ಪಾಠ ಮುಗಿಯುತ್ತದೆ. ನಾನು ಪುಣೆಯಲ್ಲಿ ಉರ್ದು ಮಾಧ್ಯಮದ ಮಕ್ಕಳಿಗೆ ಕಲಿಸುತ್ತೇನೆ. ಎಂಟು ವರ್ಷಗಳಿಂದ ಹೀಗೇ ಮುಗಿಸುತ್ತಿದ್ದೆ. ಈ ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಟೀಚರ್, ವಾಪಸ್ ಹೋಗದೇ ಇದ್ದವರು ಏನಾದ್ರು?" ಅಂತ ಕೇಳಿದಳು. ಅವಳ ಅಬ್ಬಾ ವಿಜಯಪುರದಿಂದ ಇಲ್ಲಿಗೆ ಕೆಲಸಕ್ಕೆ ಬಂದವರು. ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ನಾಳೆ ಹೇಳ್ತೀನಿ ಅಂದೆ.

ಆ ಪ್ರಶ್ನೆ ನನಗೂ ತಾಗಿತ್ತು. ನಾನು ಹುಟ್ಟಿ ಬೆಳೆದದ್ದು ಕಲಬುರಗಿಯಲ್ಲಿ. ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ. ಬಿ.ಎಡ್. ಮಾಡುವಾಗ ಪಾಠ ಅಭ್ಯಾಸದ ದಿನ ಬಾಯಿ ತಪ್ಪಿ "ನಕ್ಕೋ" ಅಂದುಬಿಟ್ಟೆ. ಹಿಂದೆ ಕುಳಿತಿದ್ದ ಮೇಲ್ವಿಚಾರಕರು ಎಲ್ಲರ ಮುಂದೆ ನಿಲ್ಲಿಸಿ, ಇದು ಉರ್ದು ಅಲ್ಲ, ಬಾಜಾರಿನ ಭಾಷೆ, ಇದನ್ನು ಮನೆಯಲ್ಲೇ ಬಿಟ್ಟು ಬನ್ನಿ ಅಂದರು. ಅವತ್ತಿನಿಂದ ತರಗತಿಯಲ್ಲಿ ಒಂದು ಉರ್ದು, ಅಮ್ಮಿ ಫೋನ್ ಮಾಡಿದಾಗ ಇನ್ನೊಂದು. ನಮ್ಮ ಮಕ್ಕಳೂ ಅದನ್ನೇ ಕಲಿತಿದ್ದಾರೆ. ಉತ್ತರಪ್ರದೇಶದಿಂದ ಬಂದ ಮನೆಗಳ ಮಕ್ಕಳು "ಬೋಲ್ಕೆ" ಕೇಳಿ ನಕ್ಕರೆ ನಮ್ಮ ಕಡೆಯ ಮಕ್ಕಳು ಮಾತೇ ನಿಲ್ಲಿಸುತ್ತಾರೆ. ಹಾಗಾಗಿ ಆ ಹುಡುಗಿಗೆ ಉತ್ತರ ಹುಡುಕಲು ಕುಳಿತಾಗ ಅದು ನಮ್ಮ ಮನೆಯ ಲೆಕ್ಕವೂ ಆಯಿತು.

ಸುಲ್ತಾನನ ಆಜ್ಞೆ ಹೊರಟದ್ದು 1327ರ ಸುಮಾರಿಗೆ. ದೇವಗಿರಿ ದೌಲತಾಬಾದ್ ಆಯಿತು. ಇದರ ಹಿಂದಿನ ಕಾರಣಗಳಲ್ಲಿ ಒಂದು ನಮ್ಮ ಮಗ್ಗುಲಲ್ಲೇ ಇದೆ. ಸುಲ್ತಾನನ ಸೋದರ ಸಂಬಂಧಿ ಬಹಾಉದ್ದೀನ್ ಗುರ್ಶಾಸ್ಪ್ ದಂಗೆ ಎದ್ದದ್ದು ಸಗರದಲ್ಲಿ, ಇವತ್ತಿನ ಯಾದಗಿರಿ ಜಿಲ್ಲೆಯ ಸಗರ. ಅವನು ಸೋತು ಓಡಿ ಆಶ್ರಯ ಪಡೆದದ್ದು ಕಂಪಿಲಿಯಲ್ಲಿ. ಕುಮಾರರಾಮನ ಕಥೆ ಕೇಳಿದ ಕನ್ನಡಿಗರಿಗೆ ಕಂಪಿಲಿ ಹೇಗೆ ಬಿತ್ತು ಅಂತ ಬೇರೆ ಹೇಳಬೇಕಿಲ್ಲ. ದಖನ್ನಿನ ಮೇಲೆ ಹಿಡಿತ ಬೇಕಾದರೆ ದೆಹಲಿ ತುಂಬಾ ದೂರ. ಇಬ್ನ್ ಬತೂತನ ಲೆಕ್ಕದಲ್ಲಿ ದೆಹಲಿಯಿಂದ ದೌಲತಾಬಾದಿಗೆ ನಲವತ್ತು ದಿನದ ದಾರಿ. ಮಧ್ಯದಲ್ಲೊಂದು ರಾಜಧಾನಿ ಬೇಕು ಅನ್ನುವ ಲೆಕ್ಕ ಹುಚ್ಚುತನವೇನೂ ಅಲ್ಲ. ನಡೆಸಿದ ರೀತಿ ಮಾತ್ರ ಕ್ರೂರವಾಗಿತ್ತು.

ಎಷ್ಟು ಜನ ಹೋದರು ಅನ್ನುವುದು ಜಗಳದ ವಿಷಯ. ದೆಹಲಿಯಲ್ಲಿ ನಾಯಿ ಬೆಕ್ಕು ಸಹ ಉಳಿಯಲಿಲ್ಲ ಅನ್ನುವ ಅರ್ಥದಲ್ಲಿ ಬರನಿ ಬರೆದ. ಕುರುಡನೊಬ್ಬನನ್ನು ದೆಹಲಿಯಿಂದ ಎಳೆದುಕೊಂಡು ಹೋದಾಗ ದೌಲತಾಬಾದಿಗೆ ತಲುಪಿದ್ದು ಅವನ ಕಾಲು ಮಾತ್ರ ಅನ್ನುವ ಕಥೆ ಇಬ್ನ್ ಬತೂತನದು. ಅವನು ದೆಹಲಿಗೆ ಬಂದದ್ದು 1334ರಲ್ಲಿ, ಅಂದರೆ ಎಲ್ಲಾ ನಡೆದು ಏಳು ವರ್ಷದ ಮೇಲೆ, ಕೇಳಿದ್ದನ್ನು ಬರೆದ. ಇತ್ತ 1327 ಮತ್ತು 1328ರ ಎರಡು ಸಂಸ್ಕೃತ ಶಾಸನಗಳು ದೆಹಲಿಯ ಸುತ್ತಲಿನ ನಾರಾಯಣಾ, ಸರಬನ್ ಊರುಗಳಲ್ಲೇ ಸಿಕ್ಕಿವೆ. ಊರು ಖಾಲಿಯಾಗಿದ್ದರೆ ಅದೇ ಹೊತ್ತಿಗೆ ಅಲ್ಲಿ ಕಲ್ಲು ಕೆತ್ತಿಸುತ್ತ ಯಾರು ಕೂತಿದ್ದರು? ಹೊರಟವರು ಮುಖ್ಯವಾಗಿ ಅಮೀರರು, ಉಲಮಾಗಳು, ಸೂಫಿಗಳು, ಅವರ ಮನೆಮಂದಿ, ಆಳುಕಾಳು ಅನ್ನುವುದೇ ನನಗೆ ಸರಿ ಕಾಣುತ್ತದೆ. ಮೊದಲು ಹೊರಟವರಲ್ಲಿ ಸುಲ್ತಾನನ ತಾಯಿಯೇ ಇದ್ದರು. ಕನ್ನಡದಲ್ಲಿ ಗಿರೀಶ ಕಾರ್ನಾಡರ 'ತುಘಲಕ್' ಬಂದ ಮೇಲೆ ಈ ಪ್ರಯಾಣ ನಮ್ಮೆಲ್ಲರ ಕಣ್ಣಲ್ಲಿ ಕೂತಿದೆ. ಆದರೆ ಅದು ರಾಜನ ನಾಟಕ. ನನಗೆ ಬೇಕಿದ್ದದ್ದು ಗಾಡಿಯಲ್ಲಿ ಕೂತವರ ಸುದ್ದಿ.

ಆ ಗಾಡಿಯಲ್ಲಿದ್ದವರಲ್ಲಿ ಒಬ್ಬ ತಾನೇ ಬರೆದಿಟ್ಟಿದ್ದಾನೆ. ಇಸಾಮಿ. ಹೊರಡುವಾಗ ಅವನಿಗೆ ಹದಿನಾರು ವರ್ಷ. ಸಾಕಿದ ಅಜ್ಜನಿಗೆ ತೊಂಬತ್ತು. ಹಾಸಿಗೆಯಲ್ಲಿದ್ದ ಮುದುಕನನ್ನು ಎಬ್ಬಿಸಿ ಹೊರಡಿಸಿದರು. ದೆಹಲಿ ದಾಟಿ ಮೊದಲ ತಂಗುದಾಣ ತಿಲಪತ್‌ನಲ್ಲೇ ಅಜ್ಜ ತೀರಿಕೊಂಡರು. ಅಲ್ಲೇ ಮಣ್ಣು ಕೊಟ್ಟು ಹುಡುಗ ಮುಂದೆ ನಡೆದ. ಇಪ್ಪತ್ತಕ್ಕೂ ಹೆಚ್ಚು ವರ್ಷ ದಖನ್ನಿನಲ್ಲಿ ಕಳೆದ ಮೇಲೆ, 1350ರಲ್ಲಿ 'ಫುತೂಹುಸ್ಸಲಾತೀನ್' ಅನ್ನುವ ಪದ್ಯ ಇತಿಹಾಸ ಮುಗಿಸಿದ. ಅದರಲ್ಲಿ ತುಘಲಕನ ಮೇಲಿನ ಸಿಟ್ಟು ಒಂದಿಷ್ಟೂ ತಣಿದಿಲ್ಲ. ಇತಿಹಾಸಕಾರರು ಅವನನ್ನು ಪಕ್ಷಪಾತಿ ಅನ್ನುತ್ತಾರೆ. ಇರಬಹುದು. ಅಜ್ಜನನ್ನು ದಾರಿಯಲ್ಲಿ ಹೂತು ಬಂದವನಿಂದ ನಿಷ್ಪಕ್ಷಪಾತ ನಿರೀಕ್ಷಿಸುವುದು ಹೇಗೆ?

ತಲುಪಿದ ಊರು ಹೇಗಿತ್ತು? ಅರಬ್ ಲೇಖಕ ಅಲ್-ಉಮರಿ ಪ್ರಯಾಣಿಕರಿಂದ ಕೇಳಿ ಬರೆದ ಪ್ರಕಾರ, ಸೈನಿಕರಿಗೆ, ವಿದ್ವಾಂಸರಿಗೆ, ವ್ಯಾಪಾರಿಗಳಿಗೆ ಬೇರೆ ಬೇರೆ ಮೊಹಲ್ಲಾ ಯೋಜಿಸಿದ್ದರು. ಪ್ರತಿಯೊಂದಕ್ಕೂ ಅದರದೇ ಮಸೀದಿ, ಬಾಜಾರು, ಹಮಾಮು, ಬೀಸುವ ಗಿರಣಿ. ಯಾರೂ ಇನ್ನೊಂದು ಮೊಹಲ್ಲಾದ ಮುಖ ನೋಡುವ ಅಗತ್ಯವೇ ಬೀಳದಂತೆ. ಇವತ್ತಿನ ಗೇಟು ಹಾಕಿದ ಸೊಸೈಟಿಗಳು ನೆನಪಾಗುತ್ತವೆ. ಇಬ್ನ್ ಬತೂತ ಮುಂದೆ ದೌಲತಾಬಾದನ್ನೂ ನೋಡಿದ. ವರ್ಷಕ್ಕೆ ಎರಡು ಸಲ ಬರುವ ದ್ರಾಕ್ಷಿ, ದಾಳಿಂಬೆ ಅವನಿಗೆ ಹಿಡಿಸಿದವು. ಹಾಡುಗಾರರದೇ ಒಂದು ಬಾಜಾರು ಇತ್ತಂತೆ, ತರಬಾಬಾದ್ ಅಂತ ಅದರ ಹೆಸರು. ಅಲ್ಲಿನ ಮಸೀದಿಗಳಲ್ಲಿ ರಮ್ಜಾನಿನಲ್ಲಿ ತರಾವೀಹ್ ನಡೆಯುತ್ತಿತ್ತು ಅಂತಲೂ ಬರೆದಿದ್ದಾನೆ. ಒಂದೇ ಬಾಜಾರಿನಲ್ಲಿ ಹಾಡೂ ಇತ್ತು, ತರಾವೀಹೂ ಇತ್ತು.

ಆದರೆ ಊರು ಖಾಲಿ ಜಾಗವಾಗಿರಲಿಲ್ಲ. ಅದು ಸೇವುಣರ ರಾಜಧಾನಿ. ಅವರ ಶಾಸನಗಳಲ್ಲಿ ಕನ್ನಡದವೂ ಹೇರಳ. ಅವರ ರಾಮಚಂದ್ರನ ಕಾಲದಲ್ಲೇ, 1290ರಲ್ಲಿ, ಜ್ಞಾನೇಶ್ವರಿ ಹುಟ್ಟಿತು. ದೆಹಲಿಯ ದಂಡು ಮೊದಲು ಬಂದದ್ದು 1296ರಲ್ಲಿ, ಊರನ್ನು ಪೂರ್ತಿ ತೆಗೆದುಕೊಂಡದ್ದು 1318ರ ಸುಮಾರಿಗೆ. ಆಗ ಕಟ್ಟಿದ ಜಾಮಾ ಮಸೀದಿಯ ಕಂಬಗಳು ಹಳೆಯ ದೇವಾಲಯಗಳವು, ನೋಡಿದ ಯಾರಿಗೂ ಗೊತ್ತಾಗುತ್ತದೆ. ಇದನ್ನು ಮಕ್ಕಳಿಗೆ ಮುಚ್ಚಿಡುವುದಿಲ್ಲ. ದೆಹಲಿಯಿಂದ ಬಂದವರು ಬಲವಂತಕ್ಕೆ ಬಂದವರು, ಸ್ಥಳೀಯರ ಕಣ್ಣಿಗೆ ಗೆದ್ದವರ ಕಡೆಯವರು. ಎರಡೂ ನಿಜ. ಇಂಥವರ ನಡುವೆ ಮಾತುಕತೆ ಹೇಗೆ ಶುರುವಾಯಿತು ಅನ್ನುವುದೇ ನನಗೆ ಕುತೂಹಲ.

ಕೋಟೆಯಿಂದ ಹತ್ತು ಹನ್ನೆರಡು ಕಿಲೋಮೀಟರು ದೂರದ ಖುಲ್ದಾಬಾದಿನಲ್ಲಿ ಅದರ ಒಂದು ಎಳೆ ಸಿಗುತ್ತದೆ. ಪ್ರವಾಸಿಗರು ಅಲ್ಲಿ ಔರಂಗಜೇಬನ ಸಮಾಧಿ ಕೇಳುತ್ತಾರೆ, ಫೋಟೋ ತೆಗೆದು ಹೋಗುತ್ತಾರೆ. ಅವನಿಗಿಂತ ಮೂರೂವರೆ ಶತಮಾನ ಮೊದಲೇ ಅಲ್ಲಿ ದೆಹಲಿಯವರು ಮಲಗಿದ್ದಾರೆ. ನಿಜಾಮುದ್ದೀನ್ ಔಲಿಯಾರ ಶಿಷ್ಯ ಬುರ್ಹಾನುದ್ದೀನ್ ಗರೀಬ್ ವಯಸ್ಸಾದ ಮೇಲೆ ಬಂದು 1337ರಲ್ಲಿ ಇಲ್ಲೇ ತೀರಿಕೊಂಡರು. ಗುರುಗಳ ಮಾತುಗಳನ್ನು 'ಫವಾಯಿದುಲ್ ಫುಆದ್' ಅಂತ ಬರೆದಿಟ್ಟ ಕವಿ ಅಮೀರ್ ಹಸನ್ ಕೂಡ ಇಲ್ಲೇ ಮಣ್ಣಾದರು. ಗುರುಗಳ ಸಮಾಧಿ ದೆಹಲಿಯಲ್ಲಿ, ಶಿಷ್ಯರು ಇಲ್ಲಿ. ಹೊಸ ಊರಿನಲ್ಲಿ ಇವರು ಮಾಡಿದ ಮೊದಲ ಕೆಲಸ ಬರೆದಿಡುವುದು. ಕಾಶಾನಿ ಮನೆತನದ ಅಣ್ಣತಮ್ಮಂದಿರು ಬುರ್ಹಾನುದ್ದೀನರ ಮಾತುಗಳನ್ನು ಒಂದೊಂದು ಪುಸ್ತಕವಾಗಿ ಸಂಗ್ರಹಿಸಿದರು. ಊರು ಬಿಟ್ಟವರಿಗೆ ಈ ಆತುರ ಅರ್ಥವಾಗುತ್ತದೆ. ನಮ್ಮ ಅಮ್ಮಿಯ ಅಡುಗೆಯ ಅಳತೆಗಳನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ಪುಣೆಗೆ ಬಂದ ಮೇಲೆಯೇ.

1335ರ ನಂತರ, ಮನಸ್ಸಿದ್ದವರು ಮರಳಬಹುದು ಅಂತ ಸುಲ್ತಾನ ಒಪ್ಪಿದ. ಹೋದವರಲ್ಲಿ ಒಬ್ಬ ಹುಡುಗನ ಕಥೆ ನಮ್ಮ ಕಲಬುರಗಿಯವರಿಗೆ ಬೇಕು. ಸೈಯದ್ ಮುಹಮ್ಮದ್, ಹುಟ್ಟಿದ್ದು 1321ರಲ್ಲಿ ದೆಹಲಿಯಲ್ಲಿ. ಅಬ್ಬಾ ಸೈಯದ್ ಯೂಸುಫ್, ಜನ ಪ್ರೀತಿಯಿಂದ ರಾಜೂ ಕತ್ತಾಲ್ ಅನ್ನುತ್ತಿದ್ದವರು, ಮನೆಮಂದಿಯನ್ನೆಲ್ಲ ಕರೆದುಕೊಂಡು ದೌಲತಾಬಾದಿಗೆ ಬಂದರು. 1331ರಲ್ಲಿ ಖುಲ್ದಾಬಾದಿನಲ್ಲಿ ಅವರ ದಫನ್ ಆಯಿತು. ಮಗನಿಗಾಗ ಹತ್ತು ವರ್ಷ. ಕೆಲವು ವರ್ಷದ ಮೇಲೆ ತಾಯಿ ಮಕ್ಕಳನ್ನು ಕರೆದುಕೊಂಡು ದೆಹಲಿಗೆ ಹಿಂತಿರುಗಿದರು. ಅಬ್ಬಾ ಇಲ್ಲೇ ಉಳಿದರು. ಹುಡುಗ ದೆಹಲಿಯಲ್ಲಿ ನಾಸಿರುದ್ದೀನ್ ಚಿರಾಗ್ ದೆಹಲಿಯವರ ಶಿಷ್ಯನಾಗಿ, ಗೇಸುದರಾಜ್ ಅನ್ನುವ ಹೆಸರು ಪಡೆದು, ಅಲ್ಲೇ ಮುದುಕರಾದರು. 1398ರಲ್ಲಿ ತೈಮೂರ್ ಬರುತ್ತಾನೆಂದಾಗ, ಸುಮಾರು ಎಪ್ಪತ್ತೇಳನೇ ವಯಸ್ಸಿನಲ್ಲಿ, ಎರಡನೇ ಸಲ ಊರು ಬಿಟ್ಟರು. ಗ್ವಾಲಿಯರ್, ಗುಜರಾತ್ ದಾಟಿ ಅವರು ಬಂದದ್ದು ಖುಲ್ದಾಬಾದಿಗೆ, ಅಬ್ಬಾನ ಕಬರಿಗೆ. ಅಲ್ಲಿಂದ ಫಿರೋಜ್ ಶಹಾ ಬಹಮನಿಯ ಕರೆ ಮೇಲೆ ಗುಲ್ಬರ್ಗಾಕ್ಕೆ. ಅದೂ ಸುಖದ ಕಥೆಯಲ್ಲ. ಸುಲ್ತಾನನ ಜೊತೆ ಮನಸ್ತಾಪವಾಗಿ, ಕೋಟೆ ಹತ್ತಿರದ ಖಾನ್‌ಖಾ ಬಿಟ್ಟು ಈಗ ದರ್ಗಾ ಇರುವ ಜಾಗಕ್ಕೆ ಸರಿಯಬೇಕಾಯಿತು. 1422ರಲ್ಲಿ ಅಲ್ಲೇ ತೀರಿಕೊಂಡರು. ಉರುಸಿನಲ್ಲಿ ನಾವು ಸಣ್ಣವರಿದ್ದಾಗ ಬಳೆ ಕೊಳ್ಳುತ್ತಿದ್ದ ಬಂದೇ ನವಾಜ್ ದರ್ಗಾ ಇದೇ. ಇವರು ಊರೂರು ಬದಲಿಸಿದವರು ಅಂತ ಆಗ ಯಾರೂ ಹೇಳಿರಲಿಲ್ಲ.

ಫಿರೋಜ್ ಶಹಾ ಯಾರು? ಅದೂ ಉಳಿದುಕೊಂಡವರ ಕಥೆಯೇ. 1347ರಲ್ಲಿ ದೌಲತಾಬಾದಿನಲ್ಲೇ ಅಮೀರರು ದೆಹಲಿಯ ವಿರುದ್ಧ ನಿಂತು ಹಸನ್ ಬಹಮನ್ ಶಹಾನನ್ನು ಸುಲ್ತಾನನನ್ನಾಗಿ ಮಾಡಿದರು. ರಾಜಧಾನಿ ಗುಲ್ಬರ್ಗಾಕ್ಕೆ ಬಂತು, ಮುಂದೆ ಬೀದರಕ್ಕೆ. ಇಸಾಮಿ ತನ್ನ ಪುಸ್ತಕ ಅರ್ಪಿಸಿದ್ದು ಈ ಬಹಮನ್ ಶಹಾನಿಗೇ. ಇಪ್ಪತ್ತು ವರ್ಷದ ಹಿಂದೆ ದೆಹಲಿ ಬಿಟ್ಟದ್ದಕ್ಕೆ ಅತ್ತವರು ಈಗ ದೆಹಲಿ ಬೇಡ ಅನ್ನುವವರ ಜೊತೆ ನಿಂತಿದ್ದರು.

ಇನ್ನು ಮಾತು. ದೆಹಲಿ ಸುತ್ತಲಿನ ಆಡುಮಾತು ಇಲ್ಲಿಗೆ ಬಂದು ಮರಾಠಿ, ಕನ್ನಡ, ತೆಲುಗು ಮನೆಗಳ ನಡುವೆ ಕೂತಿತು. "ನಕ್ಕೋ" ಮರಾಠಿಯ "ನಕೋ". ಒತ್ತು ಕೊಡಲು ನಾವು "ಅಭೀಚ್", "ಮೈಂಚ್" ಅನ್ನುವಾಗಿನ "ಚ್" ಕೂಡ ಮರಾಠಿಯದು. "ಆತೂಂ ಬೋಲ್ಕೆ ಬೋಲ್ಯಾ" ಅಂದಾಗ ಅದರ ಅಚ್ಚು ನಮ್ಮದೇ: "ಬರ್ತೀನಿ ಅಂತ ಹೇಳಿದ". ಕನ್ನಡದ "ಅಂತ", ತೆಲುಗಿನ "ಅನಿ" ಮಾಡುವ ಕೆಲಸವನ್ನೇ "ಬೋಲ್ಕೆ" ಮಾಡುತ್ತದೆ. ಇಂಥದ್ದು ದರ್ಬಾರಿನಲ್ಲಿ ಆಗುವುದಿಲ್ಲ. ಹಿಟ್ಟು ಕಡ ಕೇಳುವಾಗ, ಮಗು ಅತ್ತಾಗ, ದುಡ್ಡಿನ ಚೌಕಾಸಿಯಲ್ಲಿ ಆಗುತ್ತದೆ. ಅಲ್-ಉಮರಿ ಕೇಳಿದ ಮೊಹಲ್ಲಾ ಗೋಡೆಗಳು ಹೆಚ್ಚು ದಿನ ತಡೆದಿರಲಾರವು.

ಈ ಮಾತಿನಲ್ಲಿ ಹದಿನೈದನೇ ಶತಮಾನದ ಮೊದಲರ್ಧದಲ್ಲೇ ಬೀದರದಲ್ಲಿ ಫಖ್ರುದ್ದೀನ್ ನಿಜಾಮಿ 'ಕದಮ್ ರಾವ್ ಪದಮ್ ರಾವ್' ಬರೆದ. ರಾಜ, ಮಂತ್ರಿ, ಜೋಗಿ, ಗಿಣಿಯ ದೇಹ ಸೇರುವ ಪರಕಾಯ ಪ್ರವೇಶ, ಎಲ್ಲಾ ಈ ನೆಲದ ಕಥೆಯ ಸಾಮಾನು. ಫಾರ್ಸಿ ಅರಬ್ಬಿ ಪದಗಳು ಅದರಲ್ಲಿ ಕಡಿಮೆ. ಬಿಜಾಪುರದ ಸೂಫಿಗಳ ಕಾಲಕ್ಕೆ ಚಕ್ಕಿನಾಮಾಗಳು ಬಂದವು, ಬೀಸುವಾಗ ಹೆಂಗಸರು ಹಾಡುವಂಥವು. ಕನ್ನಡದ ಬೀಸುವ ಪದ ಕೇಳಿದವರಿಗೆ ಇದು ಹೊಸದಲ್ಲ. ನಮ್ಮ ದಾದಿ ಬೀಸುಕಲ್ಲಿನ ಮುಂದೆ ಕೂತರೆ ಎರಡೂ ಭಾಷೆ ಬರುತ್ತಿದ್ದವು. ಯಾವುದು ಎಲ್ಲಿ ಮುಗಿಯಿತು ಅಂತ ನಮಗೆ ಗೊತ್ತಾಗುತ್ತಿರಲಿಲ್ಲ.

ನನ್ನ ಮೇಲ್ವಿಚಾರಕರಿಗೆ ಹೇಳಬೇಕಿದ್ದ ಮಾತು ಇದು, ಆಗ ಗೊತ್ತಿರಲಿಲ್ಲ: ದೆಹಲಿಯ ದೊಡ್ಡವರು ಫಾರ್ಸಿಯಲ್ಲೇ ಕವಿತೆ ಬರೆಯುತ್ತಿದ್ದಾಗ ದಖನ್ನಿನಲ್ಲಿ ಈ ಬಾಜಾರಿನ ಭಾಷೆಗೆ ಮಸ್ನವಿಗಳಿದ್ದವು. ಸುಮಾರು 1700ರಲ್ಲಿ ಔರಂಗಾಬಾದಿನ ಕವಿ ವಲಿ ದೆಹಲಿಗೆ ಹೋದ. ಅವನ ಗಜಲುಗಳನ್ನು ನೋಡಿ ಅಲ್ಲಿನವರು ತಮ್ಮ ಆಡುಮಾತಿನಲ್ಲಿ ಬರೆಯಲು ಧೈರ್ಯ ಮಾಡಿದರು. 1327ರಲ್ಲಿ ಗಾಡಿ ಹತ್ತಿ ಬಂದದ್ದು ಹೀಗೆ ಒಮ್ಮೆ ವಾಪಸ್ ಹೋಗಿತ್ತು, ಕೇಳಿ ಕಲಿಯಲು ಅಲ್ಲ, ಹೇಳಿಕೊಡಲು.

ಮರುದಿನ ತರಗತಿಯಲ್ಲಿ ಇಷ್ಟನ್ನೆಲ್ಲ ಹೇಳಲು ಆಗಲಿಲ್ಲ. ಪೀರಿಯಡ್ ಮೂವತ್ತೈದು ನಿಮಿಷ. ಇಸಾಮಿಯ ಅಜ್ಜನ ಕಥೆ ಹೇಳಿದೆ, ಯಾರೂ ನಗಲಿಲ್ಲ. ಮನೆಯಲ್ಲಿ ಆಡುವ, ಪುಸ್ತಕದಲ್ಲಿ ಇಲ್ಲದ ಹತ್ತು ಪದ ಬರೆದುಕೊಂಡು ಬನ್ನಿ ಅಂದೆ. ಲಖನೌ ಕಡೆಯ ಹುಡುಗನೂ ತಂದ, ಅವನ ಮನೆಯಲ್ಲೂ ಪುಸ್ತಕದ ಉರ್ದು ಆಡುವುದಿಲ್ಲವಂತೆ. ವಿಜಯಪುರದ ಹುಡುಗಿ ಎರಡು ಪುಟ ತುಂಬಿಸಿದ್ದಳು.

ಈ ಚಳಿಗಾಲದಲ್ಲಿ ಪ್ರವಾಸಕ್ಕೆ ದೌಲತಾಬಾದ್ ಆರಿಸಿದ್ದೇವೆ. ಪಾಲಕರಿಗೆ ಕಳಿಸುವ ಒಪ್ಪಿಗೆ ಪತ್ರದಲ್ಲಿ ಕೋಟೆಯ ಹೆಸರಷ್ಟೇ ಇತ್ತು. ಆ ಹುಡುಗಿ ಓದಿ ನೋಡಿ, "ಟೀಚರ್, ಆ ಸಣ್ಣ ಹುಡುಗನ ಅಬ್ಬಾನ ಕಬರ್ ಇದರಲ್ಲಿ ಇಲ್ಲಲ್ಲ?" ಅಂದಳು. ಪತ್ರ ವಾಪಸ್ ತಗೊಂಡು ಖುಲ್ದಾಬಾದ್ ಅಂತ ಸೇರಿಸಿ ಮತ್ತೆ ಕೊಟ್ಟಿದ್ದೇನೆ.