7 ಬೈಟಿನ ಕನ್ನಡ, 45 ಬೈಟಿನ ಕನ್ನಡ

ವೆಬ್‌ಸೈಟಿನಲ್ಲಿ ಅರ್ಜಿ ತುಂಬಿ ಬಟನ್ ಒತ್ತುತ್ತೇವೆ. ಆಮೇಲೆ ಆ ಕಡೆ ಏನಾಗುತ್ತದೆ ಅಂತ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹೆಸರು, ವಿಳಾಸ, ಫೋಟೋ ಎಲ್ಲ ಬೈಟುಗಳ ಒಂದು ಉದ್ದ ಸಾಲಾಗಿ ಹೊರಟುಹೋಗುತ್ತವೆ. ಸರ್ವರ್ ಅದನ್ನು ಬಿಡಿಸಿ ನೋಡುವ ತನಕ ಅದು ಬರೀ ಕಚ್ಚಾ ಸರಕು. ಸರಕು ದೊಡ್ಡದಾದರೆ ಏನು ಮಾಡಬೇಕು? ಈ ಪ್ರಶ್ನೆಗೆ ಮೂವತ್ತು ವರ್ಷಕ್ಕೂ ಮೀರಿದ ಇತಿಹಾಸವಿದೆ. ಅದರಲ್ಲಿ ನಮ್ಮ ಕನ್ನಡದ ಪಾಲೂ ಇರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

1991ರ ವೆಬ್‌ನಲ್ಲಿ ಈ ತೊಂದರೆಯೇ ಇರಲಿಲ್ಲ. ಬ್ರೌಸರು 'ಇಂಥ ಪುಟ ಕೊಡು' ಅಂತ ಒಂದೇ ಸಾಲು ಕಳಿಸುತ್ತಿತ್ತು, ಅಷ್ಟೇ. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಿಂದ ಸಿಜಿಐ ಅನ್ನುವ ಪದ್ಧತಿ ಬಂತು. ಯಾರಾದರೂ ಅರ್ಜಿ ತುಂಬಿದರೆ ಸರ್ವರು ಒಂದು ಪ್ರೋಗ್ರಾಮನ್ನು ಎಬ್ಬಿಸಿ, 'ಇಷ್ಟು ಬೈಟ್ ಬಂದಿದೆ, ತಗೋ' ಅಂತ ಅದರ ಮುಂದೆ ಸುರಿಯುತ್ತಿತ್ತು. ಬರುವುದು ಹೆಸರು, ಊರು ಮಾತ್ರ ಆದಾಗ ಎಲ್ಲವನ್ನೂ ಒಮ್ಮೆಗೇ ಮೆಮೊರಿಗೆ ಇಳಿಸಿಕೊಂಡರೂ ನಡೆಯುತ್ತಿತ್ತು. ಲಿಂಕನ್ ಸ್ಟೈನ್ ಪರ್ಲ್ ಭಾಷೆಗೆ ಬರೆದುಕೊಟ್ಟ ಪ್ರಸಿದ್ಧ ಸಿಜಿಐ ಮಾಡ್ಯೂಲಿನಲ್ಲಿ ಸರಕಿಗೆ ಮಿತಿ ಹಾಕುವ ಸೌಲಭ್ಯ ಇತ್ತು. ಆದರೆ ನೀವಾಗಿ ಹಾಕದಿದ್ದರೆ ಮಿತಿಯೇ ಇಲ್ಲ! ಬಾಗಿಲು ಸದಾ ತೆರೆದೇ ಇರುವ ಮನೆಯ ಹಾಗೆ.

ಈಗ ಕನ್ನಡದ ವಿಷಯಕ್ಕೆ ಬರೋಣ. ಯುನಿಕೋಡ್ ಕನ್ನಡವನ್ನು ಯುಟಿಎಫ್-8 ವಿಧಾನದಲ್ಲಿ ಇಟ್ಟರೆ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. 'ಕನ್ನಡ' ಅನ್ನುವ ಪದವನ್ನೇ ನೋಡಿ. ಕ, ನ, ಹಲಂತದ ಗುರುತು, ಇನ್ನೊಂದು ನ, ಡ. ಒಟ್ಟು ಐದು ಚಿಹ್ನೆ, 15 ಬೈಟ್. ವೆಬ್ ಅರ್ಜಿಯ ಹಳೆಯ ಕ್ರಮದಲ್ಲಿ ಇಂಗ್ಲಿಷ್ ಅಕ್ಷರಗಳು ಹಾಗೇ ಹೋಗುತ್ತವೆ. ಉಳಿದ ಪ್ರತಿ ಬೈಟೂ ಒಂದು ಶೇಕಡಾ ಗುರುತು, ಎರಡು ಅಂಕಿ ಅಥವಾ ಅಕ್ಷರ, ಹೀಗೆ ಮೂರಾಗಿ ಹಿಗ್ಗುತ್ತದೆ. ಅಲ್ಲಿಗೆ 'ಕನ್ನಡ' 45 ಬೈಟ್ ಆಯಿತು. ಅದೇ ಪದವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಬರೀ 7!

ಇದು ಯಾರಿಗೂ ಗೊತ್ತಿರಲಿಲ್ಲ ಅಂತಲ್ಲ. 1995ರ ನವೆಂಬರಿನಲ್ಲಿ ಜೆರಾಕ್ಸ್ ಕಂಪನಿಯ ನೆಬೆಲ್ ಮತ್ತು ಮ್ಯಾಸಿಂಟರ್, ಫೈಲುಗಳನ್ನು ಹಿಗ್ಗಿಸದೆ ಇದ್ದ ಹಾಗೇ ಕಳಿಸುವ ಮಲ್ಟಿಪಾರ್ಟ್ ಕ್ರಮವನ್ನು ಆರ್‌ಎಫ್‌ಸಿ 1867ರಲ್ಲಿ ಬರೆದಿಟ್ಟರು. 1997ರ ಎಚ್‌ಟಿಎಂಎಲ್ 4 ನಿಯಮಾವಳಿಯೂ, ಇಂಗ್ಲಿಷೇತರ ಪಠ್ಯ ಹೆಚ್ಚಿದ್ದರೆ ಹಳೆಯ ಕ್ರಮ ದಂಡ, ಹೊಸದನ್ನು ಬಳಸಿ ಅಂತ ಹೇಳಿತು. ಆದರೆ ಏನೂ ಹೇಳದಿದ್ದರೆ ಬ್ರೌಸರು ಹಿಡಿಯುವುದು ಹಳೆಯ ದಾರಿಯನ್ನೇ. ಇವತ್ತಿಗೂ ಹಾಗೇ.

2006ರ ಸುಮಾರಿಗೆ ಇಲ್ಲಿ ಮುಂಬಯಿಯಲ್ಲಿ ನಮ್ಮ ಪರಿಚಯದ ಸಂಘವೊಂದು ಸ್ಮರಣ ಸಂಚಿಕೆಗೆ ವೆಬ್‌ಸೈಟಿನ ಮೂಲಕ ಬರಹ ಕರೆದಿತ್ತು. ಇಂಗ್ಲಿಷಿನಲ್ಲಿ ಬರೆದವರ ಪುಟ್ಟ ಬರಹಗಳು ಸಲೀಸಾಗಿ ಬಂದವು. ಕನ್ನಡದಲ್ಲಿ ನಾಲ್ಕೈದು ಸಾಲು ದಾಟಿದರೆ ಬಟನ್ ಒತ್ತಿದರೂ ಮಿಸುಕಾಡುವುದಿಲ್ಲ. ಆ ಅರ್ಜಿ ಸರಕನ್ನೆಲ್ಲ ವೆಬ್ ವಿಳಾಸದ ಬಾಲಕ್ಕೇ ಕಟ್ಟಿ ಕಳಿಸುವ 'ಗೆಟ್' ಮಾದರಿಯದು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಒಪ್ಪುತ್ತಿದ್ದ ವಿಳಾಸದ ಉದ್ದ 2,083 ಅಕ್ಷರ. ಒಂಬತ್ತರಿಂದ ಭಾಗಿಸಿ ನೋಡಿ, ಕನ್ನಡಕ್ಕೆ ಸಿಕ್ಕಿದ್ದು ಸುಮಾರು 230 ಚಿಹ್ನೆ. ಸಂಘದ ಹಿರಿಯರೊಬ್ಬರು "ಕಂಪ್ಯೂಟರಿಗೆ ಕನ್ನಡ ಒಗ್ಗುವುದಿಲ್ಲ ಮಾರಾಯ್ರೆ, ಕೈಯಲ್ಲೇ ಬರೆದು ಕೊಡ್ತೇನೆ" ಅಂದರು. ಹಾಗೇ ಕೊಟ್ಟರು ಕೂಡ. ಕನ್ನಡದ ಮೇಲೆ ಬಿದ್ದ ಆ ಆರೋಪ ಮಾತ್ರ ನನಗೆ ಮರೆತಿಲ್ಲ.

ಸರ್ವರ್ ಕಡೆಯ ಕಥೆ ಬೇರೆ. 1997ರ ಎಚ್‌ಟಿಟಿಪಿ 1.1 ಸರಕನ್ನು ತುಂಡು ತುಂಡಾಗಿ ಕಳಿಸುವ ಕ್ರಮ ತಂದಿತು. 'ಇದು ನನ್ನ ಅಳತೆಗೆ ಮೀರಿದ್ದು' ಅಂತ ಬಾಯಿಬಿಟ್ಟು ಹೇಳಲು 413 ಎಂಬ ಉತ್ತರವನ್ನೂ ಕೊಟ್ಟಿತು. ಆದರೆ ಎಲ್ಲರೂ ಬಾಯಿಬಿಡಲಿಲ್ಲ. ಪಿಎಚ್‌ಪಿಯಲ್ಲಿ ಮೊದಲೇ ಇಟ್ಟುಬಂದ ಮಿತಿ ಒಟ್ಟು ಸರಕಿಗೆ 8 ಎಂಬಿ, ಒಂದು ಫೈಲಿಗೆ 2 ಎಂಬಿ. 8 ದಾಟಿದರೆ ಪ್ರೋಗ್ರಾಮಿನ ಕೈಗೆ ಸಿಗುವುದು ಖಾಲಿ ಅರ್ಜಿ! ತುಂಬಿದವನು ಏನೂ ತುಂಬಲೇ ಇಲ್ಲವೇನೋ ಅನ್ನುವ ಹಾಗೆ. ಜೊತೆಗೆ, ಕೆಲವು ಸಂದರ್ಭಗಳಲ್ಲಿ ಕಚ್ಚಾ ಸರಕಿನ ಇನ್ನೊಂದು ಪ್ರತಿಯನ್ನೂ ಅದು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತಿತ್ತು. ಆ ಅಭ್ಯಾಸ ಪೂರ್ತಿ ಹೋದದ್ದು 2015ರ ಪಿಎಚ್‌ಪಿ 7ರಲ್ಲಿ. ರಷ್ಯಾದ ಇಗೋರ್ ಸಿಸೋಯೆವ್ 2004ರಲ್ಲಿ ಹೊರತಂದ ಎಂಜಿನ್‌ಎಕ್ಸ್ ಜಾಣತನ ತೋರಿಸಿತು. ಸರಕು ಸಣ್ಣದಿದ್ದರೆ ಮೆಮೊರಿ, ಹೆಚ್ಚಾದರೆ ಡಿಸ್ಕಿನ ತಾತ್ಕಾಲಿಕ ಫೈಲು, 1 ಎಂಬಿ ದಾಟಿದರೆ ಬಾಗಿಲಲ್ಲೇ 413. ಮಿತಿ ಸಾಲದಿದ್ದರೆ ಏರಿಸಿಕೊಳ್ಳಬಹುದು.

ತೂಕ ಅಳೆದರೆ ಸಾಲದು ಅಂತ 2011ರ ಡಿಸೆಂಬರಿನಲ್ಲಿ ಗೊತ್ತಾಯಿತು. ಬರ್ಲಿನ್ನಿನ ಸಮ್ಮೇಳನವೊಂದರಲ್ಲಿ ಅಲೆಕ್ಸಾಂಡರ್ ಕ್ಲಿಂಕ್ ಮತ್ತು ಯೂಲಿಯನ್ ವೆಲ್ಡೆ, ಬೇಕೆಂದೇ ಆರಿಸಿದ ಸಾವಿರಾರು ಹೆಸರುಗಳಿರುವ ಒಂದು ಅರ್ಜಿ ಗಾತ್ರದಲ್ಲಿ ಚಿಕ್ಕದಾದರೂ ಸರ್ವರನ್ನು ನಿಮಿಷಗಟ್ಟಲೆ ಕಟ್ಟಿಹಾಕಬಲ್ಲದು ಅಂತ ತೋರಿಸಿದರು. ಮರು ತಿಂಗಳೇ ಪಿಎಚ್‌ಪಿ, ಅರ್ಜಿಯಲ್ಲಿ 1000ಕ್ಕಿಂತ ಹೆಚ್ಚು ಅಂಕಣ ಬೇಡ ಅಂತ ಹೊಸ ಮಿತಿ ಹಾಕಿತು.

ಹಾಗಾಗಿ ಮಿತಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು, ಅದನ್ನು ಯಾರ ಭಾಷೆಯ ಅಳತೆಗೋಲಿನಲ್ಲಿ ಅಳೆಯುತ್ತಾರೆ ಅನ್ನುವುದು. ಈಗಿನ ಎಷ್ಟೋ ಆ್ಯಪ್‌ಗಳ ಹಿಂದೆ ನೋಡ್ ಮತ್ತು ಎಕ್ಸ್‌ಪ್ರೆಸ್ ಇರುತ್ತವೆ. ಅಲ್ಲಿ ಮೊದಲೇ ಇಟ್ಟುಬಂದ ಮಿತಿ 100 ಕೆಬಿ. ಇಂಗ್ಲಿಷಿನಲ್ಲಿ ಅದು ಲಕ್ಷ ಅಕ್ಷರ, ಕನ್ನಡದಲ್ಲಿ 34 ಸಾವಿರ ಚಿಹ್ನೆ. ಬೆಂಗಳೂರು, ಪುಣೆ, ಹೈದರಾಬಾದಿನ ಕಚೇರಿಗಳಲ್ಲಿ ಇಂಥ ಕೆಲಸ ಮಾಡುವ ನಮ್ಮ ಹುಡುಗ ಹುಡುಗಿಯರು ಬಹಳ ಜನ ಇದ್ದಾರೆ. ಅವರಿಗೆ ಇಷ್ಟೇ ಹೇಳುವುದು: ನಿಮ್ಮ ಅರ್ಜಿಯನ್ನು ಒಮ್ಮೆ ಉದ್ದನೆಯ ಕನ್ನಡ ಬರಹ ಹಾಕಿ ಪರೀಕ್ಷಿಸಿ. ಹಿಡಿಸದಿದ್ದರೆ ಹಿಡಿಸುವುದಿಲ್ಲ ಅಂತ ಪರದೆಯ ಮೇಲೆ ಕನ್ನಡದಲ್ಲೇ ಹೇಳಿ. ಮೌನವಾಗಿ ನುಂಗಿದರೆ ಬೈಗುಳ ತಿನ್ನುವುದು ಪ್ರೋಗ್ರಾಮಲ್ಲ, ಭಾಷೆ.