ಲಾಟರಿಯಲ್ಲಿ ಎದ್ದ ಅಲೆ

ಕೆಲಸ ಹೋದರೆ ಸಾಡೇಸಾತಿ, ಸಿಕ್ಕರೆ ಗುರುಬಲ ಅನ್ನೋರು ನಮ್ಮಲ್ಲಿ ಕಮ್ಮಿ ಇಲ್ಲ. ಜಾತಕ ನಂಬದವರು 'ಮಾರ್ಕೆಟ್ ಸೈಕಲ್' ಅಂತಾರೆ, ಅಷ್ಟೇ ವ್ಯತ್ಯಾಸ. 2008ರಲ್ಲಿ ಬಿತ್ತು, ಎದ್ದಿತು; 2020ರಲ್ಲಿ ಬಿತ್ತು, ಎದ್ದಿತು. ಹಾಗಾದ್ರೆ ಮುಂದಿನದು ಯಾವಾಗ? ಈ ಪ್ರಶ್ನೆಯನ್ನ ಬಲು ಗಂಭೀರವಾಗಿ ತಗೊಂಡ ಇಬ್ಬರು 1920ರ ದಶಕದಲ್ಲಿ ಮಾಸ್ಕೋದ ಒಂದೇ ಸಂಸ್ಥೆಯಲ್ಲಿ ಕೆಲಸ ಮಾಡ್ತಿದ್ದರು.

ಒಬ್ಬ ನಿಕೊಲಾಯ್ ಕೊಂಡ್ರಾತಿಯೇವ್. ರೈತರ ಮನೆಯ ಹುಡುಗ. 1917ರಲ್ಲಿ, 25ನೇ ವಯಸ್ಸಿಗೇ, ಕೆರೆನ್‌ಸ್ಕಿ ಸರ್ಕಾರದಲ್ಲಿ ಆಹಾರ ಖಾತೆಯ ಉಪಮಂತ್ರಿಯಾದ. ಸ್ವಲ್ಪ ದಿನಕ್ಕೇ ಬೊಲ್ಶೆವಿಕರು ಬಂದು ಸರ್ಕಾರವೇ ಹೋಯ್ತು. 1920ರಲ್ಲಿ ಮಾರುಕಟ್ಟೆಯ ಏರಿಳಿತ ಅಳೆಯೋಕೆ ಅಂತಲೇ ಸಂಸ್ಥೆ ಕಟ್ಟಿದ. ಇಂಗ್ಲೆಂಡ್, ಫ್ರಾನ್ಸ್, ಅಮೆರಿಕದ ನೂರಕ್ಕೂ ಹೆಚ್ಚು ವರ್ಷಗಳ ಬೆಲೆ, ಬಡ್ಡಿ, ಕೂಲಿ ಎಲ್ಲ ಗುಡ್ಡೆ ಹಾಕಿ ನೋಡಿದರೆ, ಸುಮಾರು 50 ವರ್ಷಕ್ಕೊಂದು ದೊಡ್ಡ ಅಲೆ ಕಾಣಿಸಿತು. ಇನ್ನೂ ಒಂದು ಗಮನಿಸಿದ: ಯುದ್ಧ, ಕ್ರಾಂತಿಗಳೆಲ್ಲ ಹೆಚ್ಚಾಗಿ ಅಲೆ ಏರುವಾಗಲೇ ಆಗುತ್ತವೆ. ನಾವು ಅಂದುಕೊಳ್ಳೋದಕ್ಕೆ ತದ್ವಿರುದ್ಧ, ಅಲ್ವಾ?

ಇನ್ನೊಬ್ಬ ಯೆವ್ಗೆನಿ ಸ್ಲುಟ್ಸ್ಕಿ. ಅದೇ ಸಂಸ್ಥೆಯ ಗಣಿತದ ಮನುಷ್ಯ. ಈತ 1927ರಲ್ಲಿ ಒಂದು ಕಿತಾಪತಿ ಮಾಡಿದ. ಸೋವಿಯತ್ ಸರ್ಕಾರ ಸಾಲಪತ್ರಗಳಿಗೆ ಲಾಟರಿ ಎತ್ತುತ್ತಿತ್ತು. ಬಂದ ನಂಬರುಗಳ ಕೊನೆಯ ಅಂಕಿಗಳನ್ನ ಸಾಲಾಗಿ ಬರೆದುಕೊಂಡ. ಶುದ್ಧ ಅದೃಷ್ಟದಾಟ, ಒಂದಕ್ಕೊಂದು ಸಂಬಂಧವೇ ಇಲ್ಲ. ಆಮೇಲೆ ಹತ್ತತ್ತು ಅಂಕಿ ಕೂಡಿಸಿದ: ಮೊದಲ ಹತ್ತು, ಆಮೇಲೆ ಎರಡರಿಂದ ಹನ್ನೊಂದು, ಹೀಗೆ. ಗ್ರಾಫ್ ಬರೆದರೆ ಏರು, ಇಳಿವು, ಮತ್ತೆ ಏರು! ಅದರ ಒಂದು ತುಣುಕನ್ನ 1855ರಿಂದ 1877ರವರೆಗಿನ ಇಂಗ್ಲೆಂಡಿನ ವ್ಯಾಪಾರದ ಗ್ರಾಫ್ ಪಕ್ಕ ಇಟ್ಟ. ಅಣ್ಣತಮ್ಮಂದಿರ ಹಾಗಿತ್ತು.

ಮಾಟವೇನಿಲ್ಲ. ಪಕ್ಕಪಕ್ಕದ ಎರಡು ಮೊತ್ತಗಳಲ್ಲಿ ಒಂಬತ್ತು ಅಂಕಿ ಒಂದೇ. ಒಂದು ದೊಡ್ಡ ಅಂಕಿ ಬಂದರೆ ಅದು ಹತ್ತು ಹೆಜ್ಜೆ ಜೊತೆಗೇ ಬರುತ್ತೆ. ನಮ್ಮ ಬದುಕಿನ ಲೆಕ್ಕವೂ ಹೀಗೇ ಅಂತ ನನಗನ್ನಿಸೋದು. ಒಂದು ಲೇಆಫ್, ಅಪ್ಪನಿಗೆ ಒಂದು ಆಪರೇಷನ್: ಒಂದು ದಿನದಲ್ಲಿ ಮುಗಿಯೋ ಘಟನೆಗಳಲ್ಲ, ಇಎಂಐ ಆಗಿ, ನಿದ್ದೆಗೇಡಾಗಿ ತಿಂಗಳುಗಟ್ಟಲೆ ಎಳೀತವೆ. ಅಷ್ಟರಲ್ಲಿ ಇನ್ನೊಂದು ಬಿದ್ದರೆ 'ಕೆಟ್ಟ ಕಾಲ'. ಅಲೆ ಸುಳ್ಳಲ್ಲ, ಅದರಲ್ಲಿ ಮುಳುಗೋನು ನಿಜವಾಗಿಯೇ ಮುಳುಗುತ್ತಾನೆ. ಆದರೆ ಅದಕ್ಕೆ ಟೈಂಟೇಬಲ್ ಇರಲೇಬೇಕು ಅಂತೇನಿಲ್ಲ. ಕೊಂಡ್ರಾತಿಯೇವ್‌ನ 50 ವರ್ಷದ ಅಲೆಯೇ ತಗೊಳ್ಳಿ. ಅವನ ಕೈಲಿದ್ದದ್ದು ಎರಡೂವರೆ ಅಲೆಯಷ್ಟು ಕಾಲದ ಲೆಕ್ಕ. ಎರಡೂವರೆ ಸಲ ಬಂದದ್ದನ್ನ ನಿಯಮ ಅಂತ ಒಪ್ಪೋಕೆ ನಾನಂತೂ ತಯಾರಿಲ್ಲ.

ಸ್ಟಾಲಿನ್ ಕಾಲಕ್ಕೆ ಬೇಕಿದ್ದದ್ದು ಈ ಎರಡೂ ಅಲ್ಲ. ಬಂಡವಾಳಶಾಹಿ ಬಿದ್ದರೆ ಮತ್ತೆ ಏಳಬಾರದಿತ್ತು, ಕೊಂಡ್ರಾತಿಯೇವ್ ಏಳುತ್ತೆ ಅಂದಿದ್ದ. 1928ರಲ್ಲಿ ಅವನನ್ನ ಕೆಲಸದಿಂದ ತೆಗೆದರು. 1930ರಲ್ಲಿ, ಇಲ್ಲದೇ ಇದ್ದ ರೈತ ಪಕ್ಷವೊಂದರ ನಾಯಕ ಅಂತ ಹಿಡಿದು 8 ವರ್ಷ ಶಿಕ್ಷೆ ಕೊಟ್ಟರು. ಸುಜ್ದಾಲಿನ ಜೈಲಿನಿಂದ ಹೆಂಡತಿಗೆ ಕಾಗದ ಬರೀತಾ, ಮುಂದಿನ ಪುಸ್ತಕಗಳ ಯೋಜನೆ ಹಾಕ್ತಾ ಇದ್ದ. 1938ರ ಸೆಪ್ಟೆಂಬರ್‌ನಲ್ಲಿ ಮತ್ತೊಂದು ವಿಚಾರಣೆ, ಅದೇ ದಿನ ಗುಂಡು. ಆಗವನಿಗೆ 46. ಅಷ್ಟೊತ್ತಿಗೆ ಸ್ಲುಟ್ಸ್ಕಿ ಅರ್ಥಶಾಸ್ತ್ರದ ಸಹವಾಸವೇ ಬೇಡ ಅಂತ ಹವಾಮಾನ, ಗಣಿತದ ಕಡೆ ಹೊರಟುಹೋಗಿದ್ದ.